ವ್ಯಂಗ್ಯಚಿತ್ರಕಾರ ಮಾಯಕೋವ್‌ಸ್ಕಿ

ರಶಿಯಾದ ಕವಿಗಳ ಹೆಸರು ಹೇಳುವಾಗ ವ್ಲಾದಿಮಿರ್ ಮಾಯಕೋವ್‌ಸ್ಕಿಯನ್ನು ಬಿಟ್ಟು ಮುಂದೆ ಹೋಗುವವರು ವಿರಳ. ಕ್ರಾಂತಿಯ ಕವಿ, ಗುಡುಗಿನಂಥ ಕಂಠದ ಕವಿ, ಮೂವತ್ತಾರನೆಯ ವಯಸ್ಸಿನಲ್ಲಿ ತನ್ನ ಕೈಯಿಂದಲೇ ತನ್ನ ಪ್ರಾಣವನ್ನು ಕಳೆದುಕೊಂಡ ಹತಭಾಗ್ಯ — ಇಷ್ಟನ್ನು ನಾವೆಲ್ಲರೂ ಅಲ್ಲಲ್ಲಿ ಕೇಳಿರುತ್ತೇವೆ. ಆದರೆ ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಆತನ ಕಾವ್ಯದ ಮಾತನ್ನಲ್ಲ. ಅದಕ್ಕೆ ರಶಿಯನ್ ಭಾಷೆ ಬಲ್ಲವರೇ ಬೇಕು. ಆತನು ಎರಡು ಯುದ್ಧಗಳ ಕಾಲದಲ್ಲಿ ಕುಂಚವನ್ನು ಕೈಗೆ ತೆಗೆದುಕೊಂಡು, ವೈರಿಯನ್ನು ಅಣಕಿಸುವ ಚಿತ್ರಗಳನ್ನು ಬರೆದು, ಹಸಿದ ಜನರನ್ನು ನಗಿಸಿ ಧೈರ್ಯಗೊಳಿಸಿದ ಕಥೆಯೊಂದುಂಟು. ಚಿತ್ರಕ್ಕೆ ಭಾಷಾಂತರ ಬೇಕಿಲ್ಲವಾದ್ದರಿಂದ ಆ ಕಥೆಯನ್ನು ಹೇಳಲು ನಾನು ಧೈರ್ಯ ಮಾಡಿದ್ದೇನೆ.

ಹೀಗೆ ಬರೆಯಲು ಇನ್ನೊಂದು ಕಾರಣವೂ ಇದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನೇರಿದವರಲ್ಲಿ ನಾನೇ ಮೊದಲಿಗ. ಅವ್ವ ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಾಳೆ. ಸಾವಿರ ಬೀಡಿಯ ಲೆಕ್ಕ ಅವಳ ಬೆರಳ ತುದಿಯಲ್ಲಿದೆ, ಅಕ್ಷರ ಮಾತ್ರ ಬಾರದು. ಅಪ್ಪನಿಗೆ ಸಹಿ ಮಾಡುವಷ್ಟು ಬರುತ್ತದೆ. ನಾನು ಓದುವ ಪುಸ್ತಕಗಳಲ್ಲಿ ಅವರಿಬ್ಬರಿಗೂ ಪಾಲಿಲ್ಲವೆಂಬ ವಿಚಾರ ಎಷ್ಟೋ ರಾತ್ರಿ ನನ್ನನ್ನು ಕಾಡಿದೆ. ಅಂಥ ಜನರಿಗಾಗಿಯೇ, ಅವರು ನಡೆದು ಹೋಗುವ ಬೀದಿಯಲ್ಲಿಯೇ, ದೊಡ್ಡ ಕವಿಯೊಬ್ಬನು ಎರಡು ವರ್ಷಕ್ಕೂ ಮಿಕ್ಕಿ ಹಗಲಿರುಳು ದುಡಿದನೆಂದು ಓದಿದಾಗ ನನಗೆ ಆತನು ಹತ್ತಿರದವನಾಗಿ ಕಂಡನು.

ಮಾಯಕೋವ್‌ಸ್ಕಿ ಹುಟ್ಟಿದ್ದು ೧೮೯೩ನೆಯ ಇಸವಿಯ ಜುಲೈ ತಿಂಗಳಲ್ಲಿ, ರಶಿಯಾದ ಹೃದಯಭಾಗದಲ್ಲಲ್ಲ, ದೂರದ ಜಾರ್ಜಿಯಾ ಸೀಮೆಯ ಬಗ್ದಾದಿ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ರಶಿಯನ್, ಹೊರಗೆ ಜಾರ್ಜಿಯನ್ — ಎರಡು ಭಾಷೆಗಳ ನಡುವೆ ಬೆಳೆದ ಹುಡುಗನಾತ. (ಕಾಗವಾಡ, ನಿಪ್ಪಾಣಿಗಳ ಕಡೆಯ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ತಂದೆ ಅರಣ್ಯ ಇಲಾಖೆಯಲ್ಲಿ ಅಧಿಕಾರಿ. ೧೯೦೬ರಲ್ಲಿ ಕಚೇರಿಯ ಕಾಗದಗಳನ್ನು ಜೋಡಿಸುವಾಗ ಆತನ ಬೆರಳಿಗೆ ಒಂದು ಗುಂಡುಸೂಜಿ ಚುಚ್ಚಿತು. ಗಾಯ ನಂಜಾಗಿ, ರಕ್ತಕ್ಕೆ ವಿಷವೇರಿ, ಆ ಗಟ್ಟಿಮುಟ್ಟಾದ ಮನುಷ್ಯ ತೀರಿಕೊಂಡನು. ಮಗನಿಗೆ ಆಗ ಹನ್ನೆರಡು ವರ್ಷ. ಮುಂದೆ ಬದುಕಿನುದ್ದಕ್ಕೂ ಮಾಯಕೋವ್‌ಸ್ಕಿ ಸೂಜಿಯೆಂದರೆ ಅಂಜುತ್ತಿದ್ದನು. ಪ್ರವಾಸದಲ್ಲಿ ಸಾಬೂನನ್ನು ಜೊತೆಗೇ ಒಯ್ಯುತ್ತಿದ್ದನು. ಸಾವಿರಾರು ಜನರೆದುರು ಸಿಂಹದಂತೆ ಗರ್ಜಿಸುತ್ತಿದ್ದ ಆರಡಿಗೂ ಮೀರಿದ ಆಳು ಒಂದು ಗುಂಡುಸೂಜಿಗೆ ಅಂಜುತ್ತಿದ್ದನೆಂಬುದು ವಿಚಿತ್ರವಾಗಿ ಕಂಡರೂ, ತಂದೆಯನ್ನು ಹಾಗೆ ಕಳೆದುಕೊಂಡವನಿಗೆ ಅದು ಸಹಜವೇ.

ತಾಯಿ ಮೂರು ಮಕ್ಕಳನ್ನು ಕರೆದುಕೊಂಡು ಮಾಸ್ಕೋಕ್ಕೆ ಬಂದಳು. ಅಲ್ಲಿಂದ ಬಡತನದ ದಿನಗಳು. ಬಾಡಿಗೆಗೆ ಹಿಡಿದ ಮನೆಯ ಕೋಣೆಗಳನ್ನು ವಿದ್ಯಾರ್ಥಿಗಳಿಗೆ ಮರುಬಾಡಿಗೆಗೆ ಕೊಟ್ಟು, ಅವರಿಗೆ ಊಟಕ್ಕಿಟ್ಟು ಸಂಸಾರ ಸಾಗಿಸಿದಳು. ಹುಡುಗನು ಮರದ ಮೇಲೆ ಕಾದ ಕಬ್ಬಿಣದಿಂದ ಚಿತ್ರ ಸುಟ್ಟು, ಈಸ್ಟರ್ ಹಬ್ಬದ ತತ್ತಿಗಳಿಗೆ ಬಣ್ಣ ಬಳಿದು, ಅಂಗಡಿಗಳಿಗೆ ಮಾರಿ ನಾಲ್ಕು ಕಾಸು ತರುತ್ತಿದ್ದನು. ಆತನ ಕುಂಚದ ಮೊದಲನೆಯ ಗಳಿಕೆ ಇದೇ. ೧೯೦೮ರಲ್ಲಿ ಶಾಲೆಯ ಫೀ ಕಟ್ಟಲಾಗದೆ ಹೆಸರು ಪಟ್ಟಿಯಿಂದ ಹೊಡೆದುಹೋಯಿತು. ಅಷ್ಟರಲ್ಲಿ ಆತನು ಗುಪ್ತವಾಗಿ ಬೋಲ್ಶೆವಿಕ್ ಪಕ್ಷವನ್ನು ಸೇರಿ ಕರಪತ್ರಗಳನ್ನು ಸಾಗಿಸತೊಡಗಿದ್ದನು. ಮೂರು ಸಲ ಪೋಲೀಸರ ಕೈಗೆ ಸಿಕ್ಕನು. ಮೂರನೆಯ ಸಲ ಬುತಿರ್ಕಾ ಸೆರೆಮನೆಯ ಒಂಟಿಕೋಣೆಯೇ ಗತಿಯಾಯಿತು. ಹದಿನಾರು ವರ್ಷದ ಹುಡುಗನು ಅಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದನು. ಒಂದು ವಹಿಯ ತುಂಬ ಪದ್ಯ ಬರೆದನು. ಬಿಡುಗಡೆಯ ದಿನ ಕಾವಲುಗಾರರು ಆ ವಹಿಯನ್ನು ಕಸಿದುಕೊಂಡರು. ಕಸಿದುಕೊಂಡದ್ದೇ ಉಪಕಾರವಾಯಿತೆಂದು ಆತನು ಮುಂದೆ ಬರೆದುಕೊಂಡಿದ್ದಾನೆ; ಪದ್ಯಗಳು ಅಷ್ಟು ಕಳಪೆಯಾಗಿದ್ದುವಂತೆ.

ಸೆರೆಮನೆಯಿಂದ ಹೊರಬಿದ್ದವನು ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದನು. ೧೯೧೧ರಲ್ಲಿ ಮಾಸ್ಕೋದ ಚಿತ್ರಶಿಲ್ಪ ವಿದ್ಯಾಲಯದಲ್ಲಿ ಪ್ರವೇಶ ದೊರೆಯಿತು. ಅಲ್ಲಿ ದವೀದ್ ಬುರ್ಲ್ಯೂಕನ ಸ್ನೇಹವಾಯಿತು. ಬುರ್ಲ್ಯೂಕನು ವಯಸ್ಸಿನಲ್ಲಿ ಹಿರಿಯ, ಕೈಯಲ್ಲಿ ಸ್ವಲ್ಪ ದುಡ್ಡಿದ್ದವನು. ಗೆಳೆಯನು ಹಸಿವಿನ ಚಿಂತೆಯಿಲ್ಲದೆ ಬರೆಯಲೆಂದು ದಿನಕ್ಕೆ ಐವತ್ತು ಕೊಪೆಕ್‌ಗಳನ್ನು ಆತನ ಕೈಯಲ್ಲಿಡುತ್ತಿದ್ದನು. ಒಬ್ಬ ಕವಿಯನ್ನು ಹುಟ್ಟಿಸಲು ಇಷ್ಟು ಸಣ್ಣ ಮೊತ್ತ ಸಾಕಾಯಿತಲ್ಲಾ ಎಂದು ನನಗೆ ಸೋಜಿಗವಾಗುತ್ತದೆ. ಇಬ್ಬರೂ ಕೂಡಿ ಹಳೆಯ ಕಲೆಯನ್ನೆಲ್ಲ ಜರೆಯುತ್ತ, ಭವಿಷ್ಯವಾದಿಗಳೆಂದು ಹೆಸರಿಟ್ಟುಕೊಂಡು ಊರೂರು ತಿರುಗಿದರು. ಹಳದಿಯ ಅಂಗಿ ತೊಟ್ಟು ಮಾಯಕೋವ್‌ಸ್ಕಿ ವೇದಿಕೆಯೇರಿದರೆ ಅರ್ಧ ಸಭೆ ಚಪ್ಪಾಳೆ, ಅರ್ಧ ಸಭೆ ಸಿಳ್ಳು. ೧೯೧೪ರ ಆರಂಭದಲ್ಲಿ ವಿದ್ಯಾಲಯವು ಇಬ್ಬರನ್ನೂ ಹೊರಗೆ ಹಾಕಿತು. ಆ ವರ್ಷವೇ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ ನೂರು ವರ್ಷ ಹಿಂದಕ್ಕೆ ಹೋಗಬೇಕು. ಯುದ್ಧಕಾಲದಲ್ಲಿ ಅಣಕು ಚಿತ್ರದಿಂದ ಜನರ ಎದೆಯನ್ನು ಗಟ್ಟಿಗೊಳಿಸುವ ವಿದ್ಯೆಯನ್ನು ಮಾಯಕೋವ್‌ಸ್ಕಿ ಕಂಡುಹಿಡಿದವನಲ್ಲ. ರಶಿಯಾದ ಹಳ್ಳಿಗಳಲ್ಲಿ ‘ಲುಬೋಕ್’ ಎಂಬ ಅಗ್ಗದ ಚಿತ್ರಗಳು ಹದಿನೇಳನೆಯ ಶತಮಾನದಿಂದಲೂ ಮಾರಾಟವಾಗುತ್ತಿದ್ದುವು. ಮರದ ಹಲಗೆಯ ಮೇಲೆ ಕೊರೆದು, ಕಾಗದಕ್ಕೆ ಅಚ್ಚೊತ್ತಿ, ಮೇಲೆ ಢಾಳಾದ ಬಣ್ಣ ಬಳಿದು, ಕೆಳಗೆ ನಾಲ್ಕು ಪ್ರಾಸದ ಮಾತು ಬರೆದ ಚಿತ್ರಗಳವು. ತಿರುಗು ವ್ಯಾಪಾರಿಗಳು ಬುಟ್ಟಿಯಲ್ಲಿ ಹೊತ್ತು ತಂದು ಜಾತ್ರೆಗಳಲ್ಲಿ ಮಾರುತ್ತಿದ್ದರು. ಕೊಂಡವರು ಗುಡಿಸಲ ಗೋಡೆಗೆ ಅಂಟಿಸುತ್ತಿದ್ದರು. ನಮ್ಮ ಜಾತ್ರೆಗಳಲ್ಲಿ ದೇವರ ಪಟ ಮಾರುವವರನ್ನು ನೆನೆದರೆ ಸಾಕು. ಅಂಥದೊಂದು ಪ್ರಸಿದ್ಧ ಲುಬೋಕಿನಲ್ಲಿ ಇಲಿಗಳೆಲ್ಲ ಸೇರಿ ಸತ್ತ ಬೆಕ್ಕನ್ನು ಮೆರವಣಿಗೆಯಲ್ಲಿ ಹೂಳಲು ಒಯ್ಯುತ್ತವೆ. ಆ ಬೆಕ್ಕು ಪೀಟರ್ ಚಕ್ರವರ್ತಿಯೇ ಎಂದು ಜನ ಪಿಸುಗುಟ್ಟುತ್ತಿದ್ದರಂತೆ.

೧೮೧೨ರಲ್ಲಿ ನೆಪೋಲಿಯನ್ನನು ರಶಿಯಾದ ಮೇಲೆ ದಂಡೆತ್ತಿ ಬಂದಾಗ ಈ ಹಳ್ಳಿಯ ಕಲೆ ಯುದ್ಧಕ್ಕೆ ನಿಂತಿತು. ಇವಾನ್ ತೆರೆಬೆನೆವ್ ಎಂಬ ಶಿಲ್ಪಿ ಉಳಿಯನ್ನು ಬದಿಗಿಟ್ಟು ಅಣಕು ಚಿತ್ರಗಳನ್ನು ಕೆತ್ತತೊಡಗಿದನು. ಜಗತ್ತೇ ಅಂಜುತ್ತಿದ್ದ ಚಕ್ರವರ್ತಿಯನ್ನು ಆತನು ರೈತರ ಕೈಯಲ್ಲಿ ಕುಣಿಯುವ ಕುಳ್ಳನನ್ನಾಗಿ ಮಾಡಿದನು. ಆತನ ಒಂದು ಚಿತ್ರದಲ್ಲಿ ಹಿಮದಲ್ಲಿ ಸಿಕ್ಕ ಫ್ರೆಂಚ್ ಸಿಪಾಯಿಗಳು, ಹರಕು ಬಟ್ಟೆ ಸುತ್ತಿಕೊಂಡು, ಒಂದು ಕಾಗೆಗಾಗಿ ಬಡಿದಾಡುತ್ತಿದ್ದಾರೆ. ಕಾಗೆಯ ಸಾರಿಗೆ ಇಷ್ಟು ಪೈಪೋಟಿ! ಪುಸ್ತಕವೊಂದರಲ್ಲಿದ್ದ ಈ ಚಿತ್ರವನ್ನು ನಾನು ಒಮ್ಮೆ ಅವ್ವನಿಗೆ ತೋರಿಸಿದೆನು, ಏನೂ ಹೇಳದೆ. ಎಲೆ ಕತ್ತರಿಸುವುದನ್ನು ನಿಲ್ಲಿಸಿ ಒಂದು ಗಳಿಗೆ ನೋಡಿದಳು. ಇವರು ದೊಡ್ಡ ದಿಮಾಕಿನಿಂದ ಬಂದ ದಂಡಿನವರಿರಬೇಕು, ಬಟ್ಟೆಯ ಮೇಲಿನ ಜರತಾರಿ ನೋಡು, ಈಗ ಕಾಗೆಯನ್ನು ಹರಿದು ತಿನ್ನುವ ಗತಿ ಬಂತು ಎಂದು ನಕ್ಕಳು. ನೆಪೋಲಿಯನ್ನನ ಹೆಸರು ಅವಳಿಗೆ ಗೊತ್ತಿಲ್ಲ. ನಾವು ಪರೀಕ್ಷೆಗೆಂದು ಪುಟಗಟ್ಟಲೆ ಬರೆಯುವ ಸಂಗತಿ ಅವಳಿಗೆ ಒಂದು ನಗೆಯಲ್ಲಿ ತಿಳಿದಿತ್ತು. ಇಂಗ್ಲಂಡದ ಹೆಸರಾಂತ ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರುಕ್‌ಶ್ಯಾಂಕನು ತೆರೆಬೆನೆವನ ಚಿತ್ರಗಳನ್ನು ತನ್ನ ನಾಡಿನವರಿಗಾಗಿ ಮತ್ತೆ ಕೆತ್ತಿದನು. ತೆರೆಬೆನೆವ್ ಮಾತ್ರ ೧೮೧೫ರಲ್ಲಿ, ಮೂವತ್ತನಾಲ್ಕರ ಪ್ರಾಯದಲ್ಲಿಯೇ ತೀರಿಕೊಂಡನು.

೧೯೧೪ರಲ್ಲಿ ಮಾಸ್ಕೋದ ಒಬ್ಬ ಪ್ರಕಾಶಕನಿಗೆ ಇದೆಲ್ಲ ನೆನಪಾಗಿರಬೇಕು. ‘ಇಂದಿನ ಲುಬೋಕ್’ ಎಂಬ ಹೆಸರಿನಲ್ಲಿ ಆತನು ಯುದ್ಧದ ಅಣಕು ಚಿತ್ರಗಳನ್ನು ಹೊರಡಿಸಿದನು. ಹಳೆಯ ಲುಬೋಕಿನ ಬಣ್ಣ ಮತ್ತು ಒರಟುತನ, ಹೊಸ ಕಾಲದ ವೈರಿ. ಮಲೇವಿಚ್, ಲೆಂತುಲೋವ್, ಲರಿಯೋನೋವ್ ಮೊದಲಾದವರು ಚಿತ್ರ ಬರೆದರು. ಪ್ರಾಸದ ಮಾತುಗಳನ್ನೆಲ್ಲ ಹೆಚ್ಚಾಗಿ ಮಾಯಕೋವ್‌ಸ್ಕಿ ಕಟ್ಟಿದನು, ಕೆಲವು ಚಿತ್ರಗಳನ್ನು ತಾನೇ ಬರೆದನು. ಮುಂದೆ ಕಪ್ಪು ಚೌಕ ಬರೆದು ಜಗತ್ಪ್ರಸಿದ್ಧನಾದ ಮಲೇವಿಚ್ ಇಲ್ಲಿ ಆಸ್ಟ್ರಿಯಾದ ಸಿಪಾಯಿಯನ್ನು ಕವೆಗೋಲಿನಿಂದ ಎತ್ತಿ ಹಿಡಿದ ರೈತ ಹೆಂಗಸನ್ನು ಬರೆದಿದ್ದಾನೆಂದರೆ ಹಲವರು ನಂಬಲಿಕ್ಕಿಲ್ಲ. ಜರ್ಮನಿಯ ಕೈಸರನ ಮೀಸೆ, ತುರ್ಕಿ ಸುಲ್ತಾನನ ಹೊಟ್ಟೆ, ಆಸ್ಟ್ರಿಯಾದ ಮುದುಕ ಚಕ್ರವರ್ತಿಯ ಬೋಳು ತಲೆ — ಎಲ್ಲವೂ ನಗೆಗೆ ಸರಕಾದುವು.

ಈ ಚಿತ್ರಗಳು ಕಣ್ಣಿಗೆ ಹಬ್ಬ. ಆದರೆ ನನ್ನ ಮನಸ್ಸು ಅವುಗಳನ್ನು ಪೂರಾ ಒಪ್ಪುವುದಿಲ್ಲ. ತೆರೆಬೆನೆವನ ಕಾಲದಲ್ಲಿ ವೈರಿ ಮನೆಯೊಳಗೇ ನುಗ್ಗಿದ್ದನು, ಮಾಸ್ಕೋ ಉರಿದಿತ್ತು. ೧೯೧೪ರಲ್ಲಿ ಕವೆಗೋಲಿಗೆ ಸಿಕ್ಕವನೂ ಒಬ್ಬ ಬಡ ರೈತನೇ, ಯಾರದೋ ಅಪ್ಪಣೆಯ ಮೇರೆಗೆ ಬಂದವನು. ಮಾಯಕೋವ್‌ಸ್ಕಿಗೂ ಇದು ಬೇಗನೆ ಹೊಳೆಯಿತು. ಮೊದಲು ತಾನೇ ಸಿಪಾಯಿಯಾಗಿ ಸೇರಲು ಅರ್ಜಿ ಹಾಕಿದ್ದನು; ರಾಜಕೀಯದಲ್ಲಿ ನಂಬಲರ್ಹನಲ್ಲವೆಂದು ಸರಕಾರ ತಳ್ಳಿಹಾಕಿತು. ೧೯೧೫ರಲ್ಲಿ ಅದೇ ಸರಕಾರ ಕಡ್ಡಾಯವಾಗಿ ಸೈನ್ಯಕ್ಕೆ ಕರೆಯಿತು. ಪೇತ್ರೊಗ್ರಾದಿನ ಮೋಟಾರು ಶಾಲೆಯಲ್ಲಿ ನಕಾಶೆ ತೆಗೆಯುವ ಕೆಲಸ ಸಿಕ್ಕಿತು. ಅಷ್ಟರಲ್ಲಿ ರಣಾಂಗಣದ ಸುದ್ದಿಗಳು ಬಂದು ಬಂದು ಆತನ ನಗೆ ಬತ್ತಿಹೋಗಿತ್ತು. ಆ ಕಾಲದಲ್ಲಿ ಬರೆದ ನೀಳ್ಗವನದಲ್ಲಿ ಯಾವ ಪಕ್ಷದ ಗೆಲುವಿನ ಮಾತೂ ಇಲ್ಲ. ಸತ್ತವರೆಲ್ಲರ ಹೊಣೆಯನ್ನು ಕವಿ ತನ್ನ ಮೇಲೆಯೇ ಹೊತ್ತುಕೊಳ್ಳುತ್ತಾನೆ. ಅಣಕು ಚಿತ್ರ ಬರೆದ ಕೈಗೆ ಇದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ಇನ್ನೇನಿದ್ದೀತು?

೧೯೧೭ರಲ್ಲಿ ಕ್ರಾಂತಿಯಾಯಿತು. ಅದರ ಬೆನ್ನಿಗೇ ಅಂತರ್ಯುದ್ಧ ಬಂದಿತು. ೧೯೧೯ರ ಶರತ್ಕಾಲದಲ್ಲಿ ಹೊಸ ಸರಕಾರ ಇನ್ನೇನು ಬಿದ್ದಿತೆನ್ನುವ ಪರಿಸ್ಥಿತಿ. ದಕ್ಷಿಣದಿಂದ ದೆನೀಕಿನ್ನನ ದಂಡು ಒರ್ಯೋಲ್ ನಗರವನ್ನು ಹಿಡಿದು ಮಾಸ್ಕೋದ ದಾರಿ ಹಿಡಿದಿತ್ತು. ಯುದೇನಿಚ್ಚನು ಪೇತ್ರೊಗ್ರಾದಿನ ಬಾಗಿಲಿಗೆ ಬಂದಿದ್ದನು. ಮಾಸ್ಕೋದಲ್ಲಿ ರೊಟ್ಟಿಯಿಲ್ಲ, ಕಟ್ಟಿಗೆಯಿಲ್ಲ, ಟೈಫಸ್ ಜ್ವರದ ಹಾವಳಿ. ಕಾಗದದ ಅಭಾವದಿಂದ ಪತ್ರಿಕೆಗಳನ್ನು ಗೋಡೆಗೆ ಅಂಟಿಸಿ ಓದಿಸುತ್ತಿದ್ದರು. ಅಂಟಿಸಿದರೂ ಓದುವವರೆಷ್ಟು ಮಂದಿ? ೧೮೯೭ರ ಜನಗಣತಿಯ ಪ್ರಕಾರ ಆ ಸಾಮ್ರಾಜ್ಯದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ೨೧ ಜನ.

ಇಂಥ ಹೊತ್ತಿನಲ್ಲಿ ಮಿಖಾಯಿಲ್ ಚೆರೆಮ್ನಿಖ್ ಎಂಬ ಚಿತ್ರಕಾರನಿಗೆ ಒಂದು ಯುಕ್ತಿ ಹೊಳೆಯಿತು. ಮಾಸ್ಕೋದ ತ್ವೆರ್ಸ್ಕಾಯಾ ಬೀದಿಯ ಅಂಗಡಿಗಳೆಲ್ಲ ಬರಿದಾಗಿದ್ದುವು. ಮಾರಲು ಸರಕಿಲ್ಲ, ಮುಂದಿನ ದೊಡ್ಡ ಗಾಜಿನ ಕಿಟಕಿಗಳು ಮಾತ್ರ ಉಳಿದಿದ್ದುವು. ಆ ಕಿಟಕಿಯೊಂದರಲ್ಲಿ ದೊಡ್ಡ ಹಾಳೆಯ ಮೇಲೆ ಸುದ್ದಿಯನ್ನು ಚಿತ್ರವಾಗಿ ಬರೆದು ತೂಗುಹಾಕಿದರೆ? ೧೯೧೯ರ ಸಪ್ಟೆಂಬರದಲ್ಲಿ ಮೊದಲನೆಯ ಚಿತ್ರ ಹೊರಬಿತ್ತು. ಜನ ಗುಂಪುಗೂಡಿದರು. ಈ ಕೆಲಸವನ್ನು ನಡೆಯಿಸಿದ್ದು ರಶಿಯಾದ ತಂತಿ ಸಮಾಚಾರ ಸಂಸ್ಥೆ. ಅದರ ಚಿಕ್ಕ ಹೆಸರು ‘ರೋಸ್ತಾ’. ಆದುದರಿಂದ ಇವುಗಳಿಗೆ ‘ರೋಸ್ತಾ ಕಿಟಕಿಗಳು’ ಎಂದೇ ಹೆಸರಾಯಿತು. ಅಕ್ಟೋಬರ ತಿಂಗಳಲ್ಲಿ ಮಾಯಕೋವ್‌ಸ್ಕಿ ಆ ಚಿತ್ರವನ್ನು ಬೀದಿಯಲ್ಲಿ ಕಂಡನು, ನೆಟ್ಟಗೆ ಸಂಸ್ಥೆಗೆ ಹೋದನು, ಕೆಲಸಕ್ಕೆ ನಿಂತನು.

ಕೆಲಸದ ರೀತಿ ಹೀಗಿತ್ತು. ರಣಾಂಗಣದಿಂದ ತಂತಿ ಬರುವುದು. ಮಾಯಕೋವ್‌ಸ್ಕಿ ಅದನ್ನು ಓದಿ, ಅಲ್ಲಿಯೇ ನಿಂತು ಪ್ರಾಸಬದ್ಧ ಸಾಲುಗಳನ್ನು ಕಟ್ಟುವನು. ಒಂದೊಂದು ಸಾಲಿಗೆ ಒಂದೊಂದು ಚೌಕ ಚಿತ್ರ. ನಾಲ್ಕು, ಆರು, ಕೆಲವೊಮ್ಮೆ ಹನ್ನೆರಡು ಚೌಕಗಳು ಸೇರಿ ಒಂದು ಕಿಟಕಿ. ಆತನೂ ಚೆರೆಮ್ನಿಖ್, ಮಲ್ಯೂತಿನ್ ಮೊದಲಾದವರೂ ಚಿತ್ರಗಳನ್ನು ಬರೆಯುವರು. ತಂತಿ ಬಂದ ಒಂದು ತಾಸಿನೊಳಗೆ ಚಿತ್ರ ಬೀದಿಗೆ ಬಂದದ್ದೂ ಉಂಟಂತೆ. ಮರುದಿನದ ಪತ್ರಿಕೆಗಿಂತ ಮೊದಲೇ ಸುದ್ದಿ ಜನರ ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಪ್ರತಿಗಳ ಕೆಲಸ. ಅಚ್ಚುಕೂಟಕ್ಕೆ ಕೊಟ್ಟರೆ ವಾರಗಟ್ಟಲೆ ಕಾಯಬೇಕು. ಅದಕ್ಕೆಂದು ರಟ್ಟಿನಲ್ಲಿ ಚಿತ್ರದ ಆಕಾರವನ್ನು ಕೊರೆದು, ಹಾಳೆಯ ಮೇಲಿಟ್ಟು, ಕುಂಚದಿಂದ ಬಣ್ಣ ತೀಡುತ್ತಿದ್ದರು; ಒಂದೊಂದು ಬಣ್ಣಕ್ಕೆ ಒಂದೊಂದು ರಟ್ಟು. ಅಪ್ಪ ಕೆಲವು ವರ್ಷ ವಖಾರಿಯಲ್ಲಿ ಹಮಾಲಿ ಮಾಡುವಾಗ ತಂಬಾಕಿನ ಚೀಲಗಳ ಮೇಲೆ ಹೀಗೆಯೇ ವ್ಯಾಪಾರಿಯ ಮಾರ್ಕಾ ಹಾಕುತ್ತಿದ್ದ. ತಗಡಿನಲ್ಲಿ ಅಕ್ಷರ ಕೊರೆದಿರುತ್ತದೆ. ಮೇಲೆ ಮಸಿಯ ಕುಂಚ ಎಳೆದರೆ ಆಯಿತು, ಓದಲು ಬಾರದವನೂ ಮುತ್ತಿನಂಥ ಅಕ್ಷರ ಬರೆಯುತ್ತಾನೆ. ಮಾಸ್ಕೋದಲ್ಲಿ ಇದೇ ಯುಕ್ತಿಯಿಂದ ಒಂದೊಂದು ಚಿತ್ರದ ನೂರು, ನೂರೈವತ್ತು ಪ್ರತಿಗಳು ಸಿದ್ಧವಾಗಿ ಬೇರೆ ಬೇರೆ ಊರುಗಳಿಗೆ ಹೋಗುತ್ತಿದ್ದುವು. ಪೇತ್ರೊಗ್ರಾದ್, ಒದೆಸ್ಸಾ ಮೊದಲಾದೆಡೆ ಅಲ್ಲಿಯವರೇ ತಮ್ಮ ಕಿಟಕಿಗಳನ್ನು ತೆರೆದರು.

ಕೊರೆದ ರಟ್ಟಿನಿಂದ ನಯವಾದ ರೇಖೆ ಬಾರದು, ಮುಖದ ಸೂಕ್ಷ್ಮ ಭಾವ ಬಾರದು. ಈ ಕೊರತೆಯನ್ನೇ ಮಾಯಕೋವ್‌ಸ್ಕಿ ಗುಣವನ್ನಾಗಿ ಮಾಡಿಕೊಂಡನು. ಕೂಲಿಕಾರನೆಂದರೆ ಇಡಿಯಾಗಿ ಕೆಂಪು ಆಕೃತಿ. ಕಣ್ಣು ಮೂಗು ಬೇಕಿಲ್ಲ. ಬಂಡವಾಳಗಾರನೆಂದರೆ ಉರುಟು ಹೊಟ್ಟೆ, ತಲೆಯ ಮೇಲೆ ಎತ್ತರದ ಟೊಪ್ಪಿಗೆ. ಪೋಲಂಡಿನ ಜಮೀನ್ದಾರನಿಗೆ ಮೀಸೆ. ಒಮ್ಮೆ ಗುರುತು ಹತ್ತಿದರೆ ಹತ್ತು ಮಾರು ದೂರದಿಂದಲೇ ಯಾರು ಯಾರೆಂದು ತಿಳಿಯುತ್ತಿತ್ತು. ನಮ್ಮ ದೊಡ್ಡಾಟದಲ್ಲಿ ರಾಕ್ಷಸ ಪಾತ್ರ ಪರದೆಯಿಂದ ಕಾಲು ಹೊರಗಿಡುವ ಮೊದಲೇ ಹಿಂದಿನ ಸಾಲಿನ ಮುದುಕಿಗೂ ಗೊತ್ತಾಗುತ್ತದಲ್ಲವೆ, ಹಾಗೆ. ಕೆಳಗಿನ ಸಾಲುಗಳಿಗೆ ಆತನು ‘ಚಸ್ತೂಷ್ಕಾ’ ಎಂಬ ಹಳ್ಳಿಯ ಹಾಡಿನ ಧಾಟಿಯನ್ನು ಬಳಸಿದನು. ಅದು ನಾಲ್ಕು ಸಾಲಿನ ಚುರುಕು ಪದ, ಕೊನೆಗೆ ಒಂದು ಚುಚ್ಚು. ನಮ್ಮ ಗೀಗೀ ಮೇಳದವರು ಎದುರು ಮೇಳಕ್ಕೆ ಹಾಕುವ ಸವಾಲಿನ ಗತ್ತು ಅದಕ್ಕಿದೆ. ಅಕ್ಷರ ಬಲ್ಲವನೊಬ್ಬನು ಗಟ್ಟಿಯಾಗಿ ಓದಿದರೆ ಉಳಿದವರ ಬಾಯಲ್ಲಿ ಅದು ನಿಲ್ಲುತ್ತಿತ್ತು. ಕೆಂಪು ಸೇನೆಯ ಸಿಪಾಯಿಗಳು ಈ ಚಿತ್ರಗಳನ್ನು ನೋಡಿ, ಪ್ರಾರ್ಥನೆಯ ಬದಲು ಈ ಪದಗಳನ್ನು ಬಾಯಲ್ಲಿಟ್ಟುಕೊಂಡು ಕಾಳಗಕ್ಕೆ ಹೋದರೆಂದು ಆತನೇ ಮುಂದೆ ಬರೆದಿದ್ದಾನೆ. ಬರೆದವನ ಅಭಿಮಾನ ಅದರಲ್ಲಿ ಸೇರಿರಬಹುದು, ಆದರೂ ಸುಳ್ಳೆನ್ನಲಾಗದು.

ಎರಡನೆಯ ಮಹಾಯುದ್ಧದ ನಡುವೆ, ೧೯೪೨ರಲ್ಲಿ, ನಮ್ಮ ಕನ್ನಡದಲ್ಲಿಯೂ ‘ಕೊರವಂಜಿ’ ನಗುನಗುತ್ತ ಬಂದಳು. ವೈದ್ಯರಾದ ರಾಶಿಯವರು ಅದನ್ನು ಬೆಂಗಳೂರಿನಲ್ಲಿ ಹುಟ್ಟುಹಾಕಿದರು, ಆರ್. ಕೆ. ಲಕ್ಷ್ಮಣರ ರೇಖೆಗಳೂ ಅದರಲ್ಲಿ ಮೂಡಿದುವು. ಆದರೆ ಅದು ಓದಬಲ್ಲ ಮನೆಗಳ ನಗೆ. ಬೀದಿಯ ನಗೆ ಬೇರೆ ಜಾತಿಯದು.

ಆ ಎರಡು ಚಳಿಗಾಲಗಳು ಹೇಗೆ ಕಳೆದುವೆಂಬುದನ್ನು ಊಹಿಸುವುದು ಕಷ್ಟ. ಕೋಣೆಯಲ್ಲಿ ಬೆಂಕಿಯಿಲ್ಲ; ಇದ್ದ ಒಂದು ಸಣ್ಣ ಕಬ್ಬಿಣದ ಒಲೆಯ ಹೊಗೆ ಕಣ್ಣನ್ನು ಕೆಂಪಗೆ ಮಾಡುತ್ತಿತ್ತು. ಹಾಳೆಗಳನ್ನು ನೆಲದ ಮೇಲೆ ಹಾಸಿ, ಮೊಣಕಾಲೂರಿ ಬರೆಯಬೇಕು. ರಾತ್ರಿ ಮಲಗುವಾಗ ಮಾಯಕೋವ್‌ಸ್ಕಿ ತಲೆದಿಂಬಿನ ಬದಲು ಒಂದು ಕಟ್ಟಿಗೆಯ ತುಂಡನ್ನಿಟ್ಟುಕೊಳ್ಳುತ್ತಿದ್ದನು. ಮೆತ್ತನೆಯ ದಿಂಬಿದ್ದರೆ ನಿದ್ರೆ ಹೆಚ್ಚಾಗಿ ಕೆಲಸ ಹಿಂದುಳಿದೀತೆಂದು! ೧೯೨೨ರ ಆರಂಭದಲ್ಲಿ ಈ ಕೆಲಸ ನಿಲ್ಲುವವರೆಗೆ ಮಾಸ್ಕೋದಲ್ಲಿ ಸುಮಾರು ೧,೬೦೦ ಕಿಟಕಿಗಳು ಹೊರಬಿದ್ದುವು. ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ಮಾತು ಬರೆದವನು ಮಾಯಕೋವ್‌ಸ್ಕಿ. ನಾನೂರಕ್ಕೂ ಮಿಕ್ಕಿ ಚಿತ್ರಗಳು ಆತನ ಕೈಯವೇ. ದೆನೀಕಿನ್, ಯುದೇನಿಚ್, ಪೋಲಂಡಿನ ಯುದ್ಧ, ಕ್ರಿಮಿಯಾದ ವ್ರಾಂಗೆಲ್ — ವೈರಿಗಳು ಮಾತ್ರವಲ್ಲ. ಹೇನಿನಿಂದ ಟೈಫಸ್ ಬರುತ್ತದೆ, ಕುದಿಸದ ನೀರು ಕುಡಿಯಬೇಡಿರಿ, ಸಿಪಾಯಿಗಳಿಗೆ ಬೆಚ್ಚನೆಯ ಬಟ್ಟೆ ಕೊಡಿರಿ ಎಂಬುದನ್ನೂ ಕಿಟಕಿಗಳು ಹೇಳುತ್ತಿದ್ದುವು. ೧೯೨೧ರಲ್ಲಿ ವೋಲ್ಗಾ ತೀರದಲ್ಲಿ ಘೋರ ಕ್ಷಾಮ ಬಿದ್ದಾಗ ಹಸಿದವರಿಗಾಗಿ ಬೇಡಿದುವು. ನನಗೆ ಎಲ್ಲಕ್ಕಿಂತ ಹಿಡಿಸಿದವು ಇವೇ. ಏಕೆಂದರೆ ವೈರಿಯನ್ನು ಬರೆದ ಚಿತ್ರಗಳಲ್ಲಿ ಅರ್ಧ ಸತ್ಯವೇ ಹೆಚ್ಚು. ಅಂತರ್ಯುದ್ಧದ ಆಚೆಯ ಮಗ್ಗುಲಲ್ಲಿದ್ದವರೆಲ್ಲ ಉರುಟು ಹೊಟ್ಟೆಯವರಾಗಿರಲಿಲ್ಲ. ಅಲ್ಲಿಯೂ ಹಸಿದ ರೈತರ ಮಕ್ಕಳೇ ಬಂದೂಕು ಹೊತ್ತಿದ್ದರು. ರೈತನ ಮನೆಯ ಧಾನ್ಯವನ್ನು ಹೊಸ ಸರಕಾರ ಬಲಾತ್ಕಾರದಿಂದ ಎತ್ತಿಕೊಂಡು ಹೋದದ್ದೂ ಕ್ಷಾಮಕ್ಕೆ ಒಂದು ಕಾರಣವಾಗಿತ್ತು. ಅದನ್ನು ಅಣಕಿಸುವ ಚಿತ್ರಕ್ಕೆ ಯಾವ ಕಿಟಕಿಯಲ್ಲಿಯೂ ಜಾಗವಿರಲಿಲ್ಲ.

ಯುದ್ಧ ಮುಗಿಯಿತು. ಅಣಕಿಸಿ ಪಳಗಿದ ಕೈ ಮಾತ್ರ ಸುಮ್ಮನಿರಲಿಲ್ಲ. ೧೯೨೨ರ ಮಾರ್ಚ್ ತಿಂಗಳಲ್ಲಿ ಮಾಯಕೋವ್‌ಸ್ಕಿ, ಬೆಳಗಿನಿಂದ ರಾತ್ರಿಯವರೆಗೆ ಬರೀ ಸಭೆಗಳಲ್ಲಿಯೇ ಕಾಲ ಕಳೆಯುವ ಅಧಿಕಾರಿಗಳ ಮೇಲೆ ಒಂದು ವಿಡಂಬನ ಪದ್ಯವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಲೆನಿನ್ನನಿಗೆ ಆತನ ಕಾವ್ಯದ ರೀತಿ ರುಚಿಸುತ್ತಿರಲಿಲ್ಲ. ಆದರೂ ಮರುದಿನವೇ ಒಂದು ಭಾಷಣದಲ್ಲಿ, ಕಾವ್ಯದ ಮಾತು ತನಗೆ ತಿಳಿಯದು, ರಾಜಕೀಯದ ದೃಷ್ಟಿಯಿಂದ ಇದು ಪೂರಾ ಸರಿ ಎಂದು ಮೆಚ್ಚಿದನು. ದೊಡ್ಡವರು ಮೆಚ್ಚಿದ ಮೇಲೆ ಕವಿಗೆ ಹುರುಪು ಬಂದಿರಬೇಕು. ಆದರೆ ಲೆನಿನ್ ೧೯೨೪ರಲ್ಲಿ ತೀರಿಕೊಂಡನು; ಗಾಳಿ ಬೇರೆ ದಿಕ್ಕಿಗೆ ತಿರುಗಿತು. ೧೯೨೯ರಲ್ಲಿ ಮಾಯಕೋವ್‌ಸ್ಕಿಯ ‘ತಗಣಿ’ ಎಂಬ ಪ್ರಹಸನ ರಂಗಕ್ಕೆ ಬಂದಿತು. ಕ್ರಾಂತಿಯ ಹೆಸರಿನಲ್ಲಿ ಸುಖವುಣ್ಣುವ ಹೊಸ ಬಗೆಯ ಮನುಷ್ಯನನ್ನು ಅದರಲ್ಲಿ ಲೇವಡಿ ಮಾಡಿದ್ದನು. ಅದರ ಒಂದು ಭಾಗಕ್ಕೆ ವೇಷಭೂಷಣ ಮತ್ತು ದೃಶ್ಯಗಳನ್ನು ಸಿದ್ಧಪಡಿಸಿದವರು ಮೂವರು 젊ತರುಣ ವ್ಯಂಗ್ಯಚಿತ್ರಕಾರರು: ಕುಪ್ರಿಯಾನೋವ್, ಕ್ರಿಲೋವ್, ನಿಕೊಲಾಯ್ ಸೊಕೊಲೋವ್. ಮೂವರೂ ಕೂಡಿ ಬರೆದು ‘ಕುಕ್ರಿನಿಕ್ಸಿ’ ಎಂಬ ಒಂದೇ ಹೆಸರಿನಿಂದ ಸಹಿ ಹಾಕುತ್ತಿದ್ದರು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬರುತ್ತದೆ.

ಮರುವರ್ಷ ‘ಸ್ನಾನಗೃಹ’ವೆಂಬ ಇನ್ನೊಂದು ಪ್ರಹಸನ. ಇದರಲ್ಲಿ ಖುರ್ಚಿಗೆ ಅಂಟಿಕೊಂಡ ಒಬ್ಬ ಹಿರಿಯ ಅಧಿಕಾರಿಯೇ ಗುರಿ. ಭವಿಷ್ಯಕಾಲಕ್ಕೆ ಹೋಗುವ ಯಂತ್ರವು ದುಡಿಯುವವರನ್ನೆಲ್ಲ ಹತ್ತಿಸಿಕೊಂಡು, ಆ ಅಧಿಕಾರಿಯನ್ನು ಇಲ್ಲಿಯೇ ಉಗುಳಿ ಹೋಗುತ್ತದೆ. ರೋಸ್ತಾ ಕಿಟಕಿಗಳ ಉರುಟು ಹೊಟ್ಟೆಯವನು ಈಗ ಸರಕಾರಿ ಮೇಜಿನ ಹಿಂದೆ ಬಂದು ಕುಳಿತಿದ್ದನು ಎನ್ನಬಹುದು. ವಿಮರ್ಶಕರು ಮುಗಿಬಿದ್ದರು. ೧೯೩೦ರ ಜನವರಿಯಲ್ಲಿ ಲೆನಿನ್‌ಗ್ರಾದಿನಲ್ಲಿಯೂ ಮಾರ್ಚಿನಲ್ಲಿ ಮಾಸ್ಕೋದಲ್ಲಿಯೂ ನಾಟಕ ನೆಲಕಚ್ಚಿತು. ಈ ಎರಡರ ನಡುವೆ, ಫೆಬ್ರುವರಿ ಒಂದರಂದು, ಮಾಯಕೋವ್‌ಸ್ಕಿ ತನ್ನ ಇಪ್ಪತ್ತು ವರ್ಷದ ದುಡಿಮೆಯ ಪ್ರದರ್ಶನವನ್ನು ಮಾಸ್ಕೋದ ಬರಹಗಾರರ ಭವನದಲ್ಲಿ ಏರ್ಪಡಿಸಿದನು. ಪುಸ್ತಕಗಳ ಜೊತೆಗೆ ರೋಸ್ತಾ ಕಿಟಕಿಗಳನ್ನೂ ಗೋಡೆಗೆ ತೂಗುಹಾಕಿದನು. ಮಳೆ ಹಿಮಗಳಲ್ಲಿ ಹರಿದು ಹೋಗಲೆಂದೇ ಬರೆದ ಹಾಳೆಗಳನ್ನು ಆತನು ತನ್ನ ಮಹತ್ವದ ಕೃತಿಗಳ ಸಾಲಿನಲ್ಲಿಟ್ಟದ್ದನ್ನು ಗಮನಿಸಬೇಕು. ಯುವಕರು, ವಿದ್ಯಾರ್ಥಿಗಳು ಕಿಕ್ಕಿರಿದು ಬಂದರು. ಹೆಸರಾಂತ ಬರಹಗಾರರು, ಅಧಿಕಾರಿಗಳು ಬರಲಿಲ್ಲ. ಅಭಿನಂದನೆಗೆಂದು ಆತನ ಭಾವಚಿತ್ರವನ್ನು ಅಚ್ಚು ಹಾಕಿದ್ದ ಒಂದು ಮಾಸಪತ್ರಿಕೆ, ಮೇಲಿನವರ ಅಪ್ಪಣೆಯಂತೆ, ಸಿದ್ಧವಾದ ಪ್ರತಿಗಳಿಂದ ಆ ಹಾಳೆಯನ್ನು ಹರಿದು ತೆಗೆಯಿತು.

೧೯೩೦ನೆಯ ಇಸವಿ ಏಪ್ರಿಲ್ ೧೪ರ ಬೆಳಿಗ್ಗೆ ಮಾಯಕೋವ್‌ಸ್ಕಿ ತನ್ನ ಕೋಣೆಯಲ್ಲಿ ಗುಂಡು ಹಾರಿಸಿಕೊಂಡು ತೀರಿಕೊಂಡನು. ಪ್ರೇಮದ ನಿರಾಶೆಯೂ ಇತ್ತು, ಬೇಸರವೂ ಇತ್ತು, ರೋಗವೂ ಇತ್ತು. ಯಾವುದು ಎಷ್ಟೆಂದು ತೂಗಿ ಹೇಳಲು ನಾವು ಯಾರು? ಅಂತ್ಯಯಾತ್ರೆಯಲ್ಲಿ ಸಾವಿರಾರು ಜನ ನೆರೆದಿದ್ದರು. ಎರಡು ವರ್ಷದ ತರುವಾಯ ರೋಸ್ತಾ ಕಿಟಕಿಗಳ ಸಂಗ್ರಹವೊಂದು ‘ಭೀಕರ ನಗೆ’ ಎಂಬ ಹೆಸರಿನಿಂದ ಅಚ್ಚಾಯಿತು. ಅದಕ್ಕೆ ಮುನ್ನುಡಿಯನ್ನು ಆತನು ಬದುಕಿರುವಾಗಲೇ ಬರೆದಿಟ್ಟಿದ್ದನು.

೧೯೩೫ರಲ್ಲಿ ಆತನ ಗೆಳತಿ ಲೀಲ್ಯಾ ಬ್ರಿಕ್, ಕವಿಯನ್ನು ಜನ ಮರೆಯುತ್ತಿದ್ದಾರೆಂದು ಸ್ಟಾಲಿನ್ನನಿಗೇ ಪತ್ರ ಬರೆದಳು. ಸ್ಟಾಲಿನ್ನನು ಮೆಚ್ಚುಗೆಯ ಒಂದು ಮಾತು ಗೀಚಿದನು, ಅಷ್ಟು ಸಾಕಾಯಿತು. ಮಾಸ್ಕೋದ ಚೌಕಕ್ಕೆ ಮಾಯಕೋವ್‌ಸ್ಕಿಯ ಹೆಸರು, ೧೯೩೮ರಲ್ಲಿ ನೆಲದಡಿಯ ರೈಲು ನಿಲ್ದಾಣಕ್ಕೆ ಆತನ ಹೆಸರು. ನಿಂತಲ್ಲಿ ಕುಳಿತಲ್ಲಿ ಅಣಕಿಸುತ್ತಿದ್ದವನನ್ನು ಕಲ್ಲಿನ ಮೂರ್ತಿಯಾಗಿಸುವ ಸಿದ್ಧತೆ ನಡೆಯಿತು.

೧೯೪೧ರ ಜೂನ್ ೨೨ರಂದು ಹಿಟ್ಲರನ ಸೈನ್ಯ ರಶಿಯಾದೊಳಗೆ ನುಗ್ಗಿತು. ಒಂದು ವಾರ ತುಂಬುವುದರೊಳಗೆ ಮಾಸ್ಕೋದಲ್ಲಿ ಮತ್ತೆ ಕಿಟಕಿಗಳು ತೆರೆದುವು. ರೋಸ್ತಾ ಸಂಸ್ಥೆಯ ಹೆಸರು ಆಗ ‘ತಾಸ್’ ಎಂದಾಗಿತ್ತು. ಆದುದರಿಂದ ಇವು ‘ತಾಸ್ ಕಿಟಕಿಗಳು’. ಅದೇ ಕೊರೆದ ರಟ್ಟು, ಅದೇ ಕೈಬಣ್ಣ, ಅದೇ ಪ್ರಾಸದ ಚುಚ್ಚು. ಇಪ್ಪತ್ತೆರಡು ವರ್ಷದ ಹಿಂದೆ ತ್ವೆರ್ಸ್ಕಾಯಾ ಬೀದಿಯಲ್ಲಿ ಮೊದಲನೆಯ ಕಿಟಕಿ ತೂಗುಹಾಕಿದ್ದ ಚೆರೆಮ್ನಿಖ್ ಈಗ ಐವತ್ತು ದಾಟಿದವನು. ಮತ್ತೆ ಕುಂಚ ಹಿಡಿದು ಬಂದನು. ಕುಕ್ರಿನಿಕ್ಸಿ ಮೂವರೂ ಬಂದರು. ಅನಾಕ್ರಮಣ ಒಪ್ಪಂದದ ಕಾಗದವನ್ನು ಹರಿದು ಹಿಟ್ಲರನು ತಲೆ ಹೊರಗೆ ಹಾಕುತ್ತಾನೆ, ಎದುರಿಗೆ ರಶಿಯನ್ ಸಿಪಾಯಿಯ ಬಂದೂಕಿನ ಈಟಿ ಕಾದಿದೆ — ಯುದ್ಧದ ಮೊದಲ ದಿನಗಳಲ್ಲಿಯೇ ಅವರು ಬರೆದ ಈ ಭಿತ್ತಿಪತ್ರ ಜಗತ್ಪ್ರಸಿದ್ಧವಾಯಿತು. ಯುದ್ಧ ಮುಗಿಯುವವರೆಗೆ ಸಾವಿರದ ಇನ್ನೂರಕ್ಕೂ ಮಿಕ್ಕಿ ತಾಸ್ ಕಿಟಕಿಗಳು ಹೊರಬಿದ್ದುವು. ೧೯೪೧ರ ನವೆಂಬರ ೬ರಂದು, ಜರ್ಮನರು ಮಾಸ್ಕೋದ ಹೊಸ್ತಿಲಲ್ಲಿದ್ದಾಗ, ಬಾಂಬುಗಳ ಭಯದಿಂದ ಕ್ರಾಂತಿಯ ವಾರ್ಷಿಕೋತ್ಸವದ ಸಭೆಯನ್ನು ನೆಲದಡಿಯಲ್ಲಿ ನಡೆಸಬೇಕಾಯಿತು. ಸ್ಟಾಲಿನ್ನನು ಭಾಷಣ ಮಾಡಿದ ಆ ಜಾಗ ‘ಮಾಯಕೋವ್‌ಸ್ಕಾಯಾ’ ನಿಲ್ದಾಣವೇ ಆಗಿತ್ತು.

ಹೀಗೆ ಮಾಯಕೋವ್‌ಸ್ಕಿಯ ಕಿಟಕಿಗಳು ಯುದ್ಧ ಬಂದ ವಾರದಲ್ಲಿಯೇ ಬೀದಿಗೆ ಮರಳಿದುವು. ಅಧಿಕಾರಿಯನ್ನು ಅಣಕಿಸಿದ ‘ಸ್ನಾನಗೃಹ’ವು ಮಾಸ್ಕೋದ ರಂಗದ ಮೇಲೆ ಮತ್ತೆ ಬರಲು ೧೯೫೩ರ ಡಿಸೆಂಬರದವರೆಗೆ ಕಾಯಬೇಕಾಯಿತು. ಸ್ಟಾಲಿನ್ ತೀರಿಕೊಂಡು ಆಗ ಒಂಬತ್ತು ತಿಂಗಳಾಗಿತ್ತು.